ಐಟಿಐ, ಡಿಪ್ಲೊಮಾ, ಜಿಟಿಟಿಸಿ: ನಮ್ಮ ಕಡೆಯ ಮಕ್ಕಳಿಗೆ ಯಾವುದು ಸರಿ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯ ಪ್ರೌಢಶಾಲೆಗಳಿಗೆ ಅಪ್ಪ ಅಮ್ಮಂದಿರು ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಸರ, ಹುಡುಗನ್ನ ಐಟಿಐಗೆ ಹಚ್ಚೂದೋ, ಡಿಪ್ಲೊಮಾಕ್ಕ ಹಚ್ಚೂದೋ?" ನಾನು ಕೊಪ್ಪಳ ಜಿಲ್ಲೆಯಲ್ಲಿ ಗಣಿತ ಪಾಠ ಮಾಡುವವನು. ಬಹಳ ಕಡೆ ಇವರಿಗೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮಾರ್ಕ್ಸ್ ಚೆನ್ನಾಗಿದ್ದರೆ ಪಿಯುಸಿ ಸೈನ್ಸ್, ಅಷ್ಟಕ್ಕಷ್ಟೇ ಇದ್ದರೆ ಡಿಪ್ಲೊಮಾ, ಇನ್ನೂ ಕಮ್ಮಿ ಇದ್ದರೆ ಐಟಿಐ. ಮಾರ್ಕ್ಸ್ ಕಾರ್ಡ್ ನೋಡಿ ಮುಗಿಯಿತು. ಹುಡುಗನ ಕೈ ಹೇಗಿದೆ, ಮನೆಗೆ ದುಡಿಮೆ ಎಷ್ಟು ಬೇಗ ಬೇಕು, ಸೇರಿಸುತ್ತಿರುವ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಮಷೀನು ಓಡುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ.

ನನ್ನ ಮಟ್ಟಿಗೆ ಈ ಮೂರು ಪ್ರಶ್ನೆಗಳೇ ಮುಖ್ಯ. ಕೋರ್ಸಿನ ಹೆಸರು ಆಮೇಲೆ. ಯಾಕೆ ಅಂತ ಹೇಳಲು ಮೊದಲು ವರ್ಷಗಳ ಲೆಕ್ಕ ಮಾಡೋಣ. ಈ ಲೆಕ್ಕ ಗೊತ್ತಿಲ್ಲದೆಯೇ ಎಷ್ಟೋ ಮನೆಗಳು ಹೆದರಿಕೊಂಡು ನಿರ್ಧಾರ ಮಾಡುತ್ತವೆ.

ಎಸ್‌ಎಸ್‌ಎಲ್‌ಸಿ ಆದಮೇಲೆ ಪಿಯುಸಿ 2 ವರ್ಷ, ಇಂಜಿನಿಯರಿಂಗ್ 4 ವರ್ಷ. ಒಟ್ಟು 6. ಇನ್ನೊಬ್ಬಳು ಡಿಪ್ಲೊಮಾ ಸೇರುತ್ತಾಳೆ, 3 ವರ್ಷ. ಆಮೇಲೆ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರುತ್ತಾಳೆ, ಅಲ್ಲಿ 3 ವರ್ಷ. ಒಟ್ಟು ಅದೇ 6. ಮೂರನೆಯವನು ಎರಡು ವರ್ಷದ ಐಟಿಐ ಮುಗಿಸುತ್ತಾನೆ. ಅವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ 3ನೇ ಸೆಮಿಸ್ಟರಿಗೆ ನೇರ ಪ್ರವೇಶ (ಲ್ಯಾಟರಲ್ ಎಂಟ್ರಿ) ಇದೆ. ಅಲ್ಲಿ 2 ವರ್ಷ, ಆಮೇಲೆ ಇಂಜಿನಿಯರಿಂಗ್ 3 ವರ್ಷ. ಒಟ್ಟು 7.

ನೋಡಿ, ಐಟಿಐಯಿಂದ ಶುರು ಮಾಡಿದವನೂ ಇಂಜಿನಿಯರ್ ಆಗಬಹುದು. ಹೆಚ್ಚಿಗೆ ಆಗುವುದು ಒಂದೇ ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ಅವನಿಗೆ ಎರಡು ಕಡೆ ನಿಂತು ದುಡಿಯುವ ಅವಕಾಶ ಸಿಗುತ್ತದೆ: ಐಟಿಐ ಮುಗಿದಾಗ ಒಮ್ಮೆ, ಡಿಪ್ಲೊಮಾ ಮುಗಿದಾಗ ಇನ್ನೊಮ್ಮೆ. ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಹೋದರೆ, ಮಳೆ ಕೈಕೊಟ್ಟರೆ, ಹುಡುಗ ಓದು ನಿಲ್ಲಿಸಿ ಕೆಲಸಕ್ಕೆ ಸೇರಬಹುದು. ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ. ಪಿಯುಸಿ ಸೈನ್ಸ್ ಸೇರಿ ಎರಡನೇ ವರ್ಷ ಫೇಲಾದವನ ಕೈಯಲ್ಲಿ ಇರುವುದು ಅದೇ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು.

ಇಲ್ಲಿ ಒಂದು ಎಚ್ಚರಿಕೆ. ಐಟಿಐಯಲ್ಲಿ ಆರಿಸಿಕೊಳ್ಳುವ ಕಸುಬಿಗೆ ಟ್ರೇಡ್ ಅನ್ನುತ್ತಾರೆ. ಈ ಲ್ಯಾಟರಲ್ ಎಂಟ್ರಿ ಎರಡು ವರ್ಷದ ಟ್ರೇಡಿಗೆ. ಒಂದು ವರ್ಷದ ಟ್ರೇಡ್ ಮಾಡಿದವರಿಗೆ ಈ ಬಾಗಿಲು ಇಲ್ಲ. ಉದಾಹರಣೆಗೆ ಗಾಡಿ ರಿಪೇರಿ ಇಷ್ಟ ಅನ್ನುವ ಹುಡುಗ ಮೆಕ್ಯಾನಿಕ್ ಡೀಸೆಲ್ ತಗೊಂಡರೆ ಅದು 1 ವರ್ಷ. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತಗೊಂಡರೆ 2 ವರ್ಷ. ಕಲಿಯುವ ಕೆಲಸ ಹತ್ತಿರ ಹತ್ತಿರದ್ದೇ. ಆದರೆ ಮುಂದೆ ಓದುವ ಆಸೆ ಚೂರಾದರೂ ಇದ್ದರೆ ಎರಡು ವರ್ಷದ್ದನ್ನೇ ಆರಿಸಬೇಕು. ಅರ್ಜಿ ತುಂಬುವ ಸೈಬರ್ ಸೆಂಟರಿನವರು ಇದನ್ನ ಹೇಳುವುದಿಲ್ಲ.

ನಮ್ಮ ಸುತ್ತ ಯಾವ ಕೆಲಸ ಇದೆ

ಬೆಂಗಳೂರಿನವರು ಬರೆದ ಸಲಹೆ ನಮ್ಮ ಕಡೆಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ಭಾಗದ ಕಾರ್ಖಾನೆಗಳು ಬೇರೆ ಥರದವು. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇದೆ, ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯಲ್ಲಿ ಕಲ್ಯಾಣಿ ಸ್ಟೀಲ್ಸ್. ಸಂಡೂರು ಸುತ್ತ ಅದಿರಿನ ಗಣಿಗಳು. ಕುಡಿತಿನಿಯಲ್ಲಿ 1,700 ಮೆಗಾವಾಟಿನ ಬಳ್ಳಾರಿ ಥರ್ಮಲ್ ವಿದ್ಯುತ್ ಕೇಂದ್ರ, ಶಕ್ತಿನಗರದಲ್ಲಿ 1,720 ಮೆಗಾವಾಟಿನ ರಾಯಚೂರು ಥರ್ಮಲ್, ಅಂದರೆ ಆರ್‌ಟಿಪಿಎಸ್, ಯರಮರಸಿನಲ್ಲಿ 1,600 ಮೆಗಾವಾಟಿನ ಯರಮರಸ್ ಥರ್ಮಲ್. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸಾಲು ಸಾಲು ರೈಸ್ ಮಿಲ್ಲು. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು. ಕೊಪ್ಪಳ ಜಿಲ್ಲೆಯ ಭಾನಾಪುರದ ಹತ್ತಿರ ಆಟಿಕೆ ಕ್ಲಸ್ಟರ್.

ಈ ಪಟ್ಟಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವು ಹಗಲು ರಾತ್ರಿ ಓಡುವ ದೊಡ್ಡ ದೊಡ್ಡ ಪ್ಲಾಂಟುಗಳು. ಅಲ್ಲಿ ಬೇಕಾಗುವುದು ಮೇಂಟೆನೆನ್ಸ್ ಮಾಡುವವರು. ಕನ್ವೇಯರ್ ಬೆಲ್ಟ್ ನಿಂತರೆ ಎಬ್ಬಿಸುವ ಫಿಟ್ಟರ್, ಮೋಟಾರ್ ಮತ್ತು ಪ್ಯಾನೆಲ್ ನೋಡುವ ಎಲೆಕ್ಟ್ರಿಷಿಯನ್, ಪೈಪು ಮತ್ತು ಸ್ಟ್ರಕ್ಚರ್ ಬೆಸೆಯುವ ವೆಲ್ಡರ್, ಕ್ರೇನ್ ಓಡಿಸುವವರು, ಟೆಂಪರೇಚರ್ ಪ್ರೆಷರ್ ಅಳೆಯುವ ಉಪಕರಣಗಳನ್ನು ಸರಿ ಇಡುವ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಕಂಪ್ಯೂಟರ್ ಹೇಳಿದಂತೆ ಓಡುವ ಮಷೀನಿನಲ್ಲಿ ಪುಟ್ಟ ಪುಟ್ಟ ಭಾಗಗಳನ್ನು ನಿಖರವಾಗಿ ಕೊರೆಯುವ ಸಿಎನ್‌ಸಿ ಕೆಲಸ ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿ, ಬೆಳಗಾವಿ ಕಡೆ ಜಾಸ್ತಿ. ಊರ ಹತ್ತಿರ ಇರಬೇಕು ಅನ್ನುವವರಿಗೂ ಹೊರಗೆ ಹೋಗಲು ತಯಾರಿದ್ದವರಿಗೂ ಟ್ರೇಡ್ ಬೇರೆ ಬೇರೆ ಆಗುವುದು ಇದಕ್ಕೇ.

ಐಟಿಐ: ಟ್ರೇಡೇ ಎಲ್ಲ

ಐಟಿಐ ಅಂದ ತಕ್ಷಣ ಮೂಗು ಮುರಿಯುವವರು ಒಮ್ಮೆ ಫಿಟ್ಟರ್ ವರ್ಕ್‌ಶಾಪಿಗೆ ಹೋಗಿ ನಿಂತು ನೋಡಬೇಕು. ಶುರುವಿನ ವಾರಗಳಲ್ಲಿ ಹುಡುಗರು ವೈಸ್ ಅನ್ನುವ ಹಿಡಿಕಟ್ಟಿಗೆ ಕಬ್ಬಿಣದ ತುಂಡು ಕಚ್ಚಿಸಿ ಫೈಲ್ (ಅರ) ಹೊಡೆಯುತ್ತಿರುತ್ತಾರೆ. ನೋಡಲು ಏನೂ ಅಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ತುಂಡನ್ನು ಬಿಚ್ಚಿ, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ಅಂಚಿನ ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಮೇಲ್ಮೈ ಇನ್ನೂ ಸಮ ಆಗಿಲ್ಲ. ಮತ್ತೆ ವೈಸಿಗೆ. ಆಮೇಲೆ ವರ್ನಿಯರ್ ಬರುತ್ತದೆ, 0.02 ಮಿಲಿಮೀಟರ್‌ವರೆಗೆ ಅಳೆಯುವುದು. ಆಮೇಲೆ ಮೈಕ್ರೋಮೀಟರ್, 0.01. ಕಡೆಗೆ ಒಂದರೊಳಗೊಂದು ಸೇರಬೇಕಾದ ಎರಡು ತುಂಡು ಮಾಡಲು ಕೊಡುತ್ತಾರೆ. ತಾನೇ ಮಾಡಿದ ಎರಡು ತುಂಡು ಅಲುಗಾಡದೆ ಸೇರಿದಾಗ ಆ ಹುಡುಗನ ಮುಖ ನೋಡಬೇಕು!

ಇದೇ ಕೈ ಮುಂದೆ ಪ್ಲಾಂಟಿನಲ್ಲಿ ಕೆಲಸಕ್ಕೆ ಬರುತ್ತದೆ. ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವೆ ಎರಡರ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಇರುತ್ತದೆ. ಎರಡೂ ಶಾಫ್ಟ್ ಒಂದೇ ನೇರಕ್ಕೆ ಇಲ್ಲದಿದ್ದರೆ ಯಂತ್ರ ಅದುರುತ್ತದೆ, ಬೇರಿಂಗ್ ಬಿಸಿಯಾಗಿ ಹೋಗುತ್ತದೆ. ಫಿಟ್ಟರ್ ಡಯಲ್ ಗೇಜ್ ಹಚ್ಚಿ ಕೈಯಲ್ಲಿ ಶಾಫ್ಟ್ ತಿರುಗಿಸುತ್ತಾ ಮುಳ್ಳು ನೋಡುತ್ತಾನೆ. ಮೋಟಾರಿನ ಕಾಲಡಿಗೆ ಶಿಮ್ ಅನ್ನುವ ತೆಳು ತಗಡು ಸೇರಿಸುತ್ತಾನೆ, ತೆಗೆಯುತ್ತಾನೆ. ಕೂದಲೆಳೆಗಿಂತ ಕಮ್ಮಿ ಅಂತರದ ಆಟ ಇದು. ಪುಸ್ತಕ ಓದಿ ಬಂದವರಿಗೆ ಇದು ಬರುವುದಿಲ್ಲ. ಗಣಿತದಲ್ಲಿ 90 ತೆಗೆದ ಹುಡುಗನಿಗೆ ಕೈಕೆಲಸದಲ್ಲಿ ಆಸಕ್ತಿ ಇದ್ದರೆ ಐಟಿಐಗೆ ಕಳಿಸಲು ನಾನು ಹಿಂದೆಮುಂದೆ ನೋಡುವುದಿಲ್ಲ.

ಟ್ರೇಡುಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಮೂರು ಜಿಲ್ಲೆಗಳಿಗೆ ಮೊದಲ ಆಯ್ಕೆ ಎಲೆಕ್ಟ್ರಿಷಿಯನ್, ಎರಡನೆಯದು ಫಿಟ್ಟರ್. ಎರಡೂ 2 ವರ್ಷ. ಎಲೆಕ್ಟ್ರಿಷಿಯನ್ ಯಾಕೆ ಮೊದಲು ಅಂದರೆ ಕಾರ್ಖಾನೆ ಸಿಗದಿದ್ದರೂ ಊರಲ್ಲಿ ಬದುಕಬಹುದು. ಗಂಗಾವತಿ, ಸಿಂಧನೂರಿನಂಥ ಕಾಲುವೆ ನೀರಿನ ಸೀಮೆಯಲ್ಲಿ ಪಂಪ್‌ಸೆಟ್ಟು, ರೈಸ್ ಮಿಲ್ ಮೋಟಾರು, ರಿವೈಂಡಿಂಗ್ ಕೆಲಸಕ್ಕೆ ಬಿಡುವೇ ಇಲ್ಲ. ಟರ್ನರ್, ಮಷಿನಿಸ್ಟ್ ಕೂಡ 2 ವರ್ಷದವೇ, ಒಳ್ಳೆಯ ಟ್ರೇಡುಗಳೇ, ಆದರೆ ಹೊರಗೆ ಹೋಗಲು ಮನಸ್ಸು ಮಾಡಿಕೊಂಡೇ ಸೇರಬೇಕು. ಕಂಪ್ಯೂಟರ್ ಟ್ರೇಡ್ ಆದ ಕೋಪಾ 1 ವರ್ಷದ್ದು. ನೆರಳಲ್ಲಿ ಕೂತು ಮಾಡುವ ಕೆಲಸ ಅಂತ ಬಹಳ ಜನ ಅದಕ್ಕೆ ಮುಗಿಬೀಳುತ್ತಾರೆ. ಅದರಿಂದ ಸಿಗುವ ಕೆಲಸಕ್ಕೆ ಡಿಗ್ರಿ ಮಾಡಿದವರೂ ಪೈಪೋಟಿಗೆ ಬರುತ್ತಾರೆ ಅನ್ನುವುದು ನೆನಪಿರಲಿ.

ವೆಲ್ಡರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇದು 1 ವರ್ಷದ ಟ್ರೇಡ್, 8ನೇ ತರಗತಿ ಪಾಸಾದವರೂ ಸೇರಬಹುದು. ಒಳ್ಳೆಯ ವೆಲ್ಡರ್‌ಗೆ ನಮ್ಮ ಕಡೆ ಕೆಲಸ ಇಲ್ಲ ಅನ್ನುವ ದಿನ ಇಲ್ಲ. ಕಂಟ್ರಾಕ್ಟರು ಸರ್ಟಿಫಿಕೇಟ್ ನೋಡುವ ಮೊದಲು ಒಂದು ಪೈಪು ಕೊಟ್ಟು ವೆಲ್ಡ್ ಮಾಡಿಸುತ್ತಾನೆ, ಆ ಜಾಯಿಂಟನ್ನು ಬಗ್ಗಿಸಿಯೋ ಎಕ್ಸ್‌ರೇ ಮಾಡಿಯೋ ಪರೀಕ್ಷೆ ಮಾಡುತ್ತಾರೆ. ಓರೆಯಾಗಿ ಕಟ್ಟಿದ ಪೈಪನ್ನು ಸುತ್ತಲೂ ಬೆಸೆಯುವ 6ಜಿ ಟೆಸ್ಟ್ ಪಾಸಾದವನ ಕೂಲಿಯೇ ಬೇರೆ. ಆದರೆ ಒಂದು ತೊಡಕು ಇದೆ. ಹುಡುಗ 16ಕ್ಕೆ ಎಸ್‌ಎಸ್‌ಎಲ್‌ಸಿ ಮುಗಿಸಿದ, 17ಕ್ಕೆ ವೆಲ್ಡರ್ ಮುಗಿಸಿದ ಅಂದುಕೊಳ್ಳಿ. ಅಪಾಯಕಾರಿ ಕೈಗಾರಿಕೆಗಳಲ್ಲಿ ಅಪ್ರೆಂಟಿಸ್ (ಭತ್ಯೆ ಪಡೆದು ಕೆಲಸ ಕಲಿಯುವವ) ಆಗಿ ಸೇರಲು ಕಾನೂನಿನ ಪ್ರಕಾರ 18 ತುಂಬಿರಬೇಕು. ಅಷ್ಟರಲ್ಲಿ ಒಂದು ವರ್ಷ ಖಾಲಿ ಕೂರುತ್ತಾನೆ, ಇಲ್ಲವೇ ಎಲ್ಲೋ ಗ್ರಿಲ್ ಅಂಗಡಿಯಲ್ಲಿ ಕನ್ನಡಕವಿಲ್ಲದೆ ವೆಲ್ಡಿಂಗ್ ಮಾಡಿ ಕಣ್ಣು ಕೆಡಿಸಿಕೊಳ್ಳುತ್ತಾನೆ. ಎರಡು ವರ್ಷದ ಟ್ರೇಡ್ ಮಾಡಿದವನಿಗೆ ಮುಗಿಯುವ ಹೊತ್ತಿಗೆ ಸರಿಯಾಗಿ 18 ಆಗಿರುತ್ತದೆ.

ಇನ್ನು ಸರ್ಕಾರಿ ಐಟಿಐಯೋ ಖಾಸಗಿಯೋ? ಹತ್ತಿರದ ಸರ್ಕಾರಿ ಐಟಿಐಯಲ್ಲಿ ಬೇಕಾದ ಟ್ರೇಡ್ ಸಿಕ್ಕರೆ ಬೇರೆ ಯೋಚನೆ ಬೇಡ. ಶುಲ್ಕ ತೀರಾ ಕಮ್ಮಿ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಹೊಸದು ಮಾಡಿದೆ, 2022ರಲ್ಲಿ ಅವುಗಳ ಉದ್ಘಾಟನೆ ಆಯಿತು. ಸಿಎನ್‌ಸಿ ಮಷಿನಿಂಗ್, ಇಂಡಸ್ಟ್ರಿಯಲ್ ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನದ ಮೆಕ್ಯಾನಿಕ್ ಅಂಥ ಹೊಸ ಟ್ರೇಡುಗಳು ಅಲ್ಲಿ ಬಂದಿವೆ. ನಿಮ್ಮ ಹತ್ತಿರದ ಐಟಿಐ ಆ ಪಟ್ಟಿಯಲ್ಲಿ ಇದೆಯಾ ಕೇಳಿ. ಇದ್ದರೆ ಆ ಮಷೀನುಗಳ ಮೇಲೆ ಹುಡುಗರೇ ಕೆಲಸ ಮಾಡುತ್ತಾರಾ, ಕಲಿಸುವವರು ಇದ್ದಾರಾ ಅಂತಲೂ ಕೇಳಿ.

ಖಾಸಗಿಯಲ್ಲಿ ಒಳ್ಳೆಯವೂ ಇವೆ, ಬರೀ ಬೋರ್ಡ್ ಇದ್ದವೂ ಇವೆ. "ಬರೋದು ಬೇಡ, ಪರೀಕ್ಷೆಗೆ ಬಂದ್ರ ಸಾಕು" ಅಂತ ಹೇಳಿ ಸೀಟು ಕೊಡುವವರ ಹತ್ತಿರ ಹೋಗಲೇಬೇಡಿ. ಎರಡು ವರ್ಷದ ಆಮೇಲೆ ಕಾಗದ ಸಿಗಬಹುದು, ಫೈಲ್ ಹಿಡಿಯಲೂ ಬರದ ಹುಡುಗ ಕಾರ್ಖಾನೆಯ ಟೆಸ್ಟಿನಲ್ಲಿ ಐದು ನಿಮಿಷಕ್ಕೆ ಹೊರಗೆ ಬರುತ್ತಾನೆ. ಎನ್‌ಸಿವಿಟಿ, ಅಂದರೆ ಕೇಂದ್ರದ ವೃತ್ತಿ ತರಬೇತಿ ಮಂಡಳಿಯ ಮಾನ್ಯತೆ ಇದೆಯಾ, ಇದ್ದರೆ ಯಾವ ಟ್ರೇಡಿಗೆ ಇದೆ ಅಂತ ಕೇಳಿ. ಸಂಸ್ಥೆಗೆ ಮಾನ್ಯತೆ ಇದ್ದು ನೀವು ಸೇರುವ ಟ್ರೇಡಿಗೆ ಇಲ್ಲದೆ ಹೋಗಬಹುದು.

ಡಿಪ್ಲೊಮಾ ಯಾರಿಗೆ

ಡಿಪ್ಲೊಮಾದಲ್ಲಿ ಕೈಕೆಲಸ ಕಮ್ಮಿ, ಲೆಕ್ಕ ಮತ್ತು ಡ್ರಾಯಿಂಗ್ ಜಾಸ್ತಿ. ಮುಗಿಸಿದವರು ಸೂಪರ್‌ವೈಸರ್, ಜೂನಿಯರ್ ಇಂಜಿನಿಯರ್ ಮಟ್ಟದಲ್ಲಿ ಶುರು ಮಾಡುತ್ತಾರೆ. ರೈಲ್ವೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಟೆಕ್ನಿಷಿಯನ್ ಗ್ರೇಡ್ 3ಕ್ಕೆ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ ಕೇಳುತ್ತಾರೆ, ಜೂನಿಯರ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಎರಡರಲ್ಲಿ ಯಾವುದಿದ್ದರೂ ಆಗುತ್ತದೆ. ಈ ರೈಲ್ವೆ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು ಅನ್ನುವುದು ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಯಾರು ಡಿಪ್ಲೊಮಾ ಸೇರಬೇಕು? ಗಣಿತ ಕಂಡರೆ ಓಡದವರು, ಮನೆಯವರು 3 ವರ್ಷ ಕಾಯಬಲ್ಲವರು. ಗಣಿತವನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮೊದಲ ಎರಡು ಸೆಮಿಸ್ಟರಿನಲ್ಲಿ ಎಡವುವುದು ಗಣಿತ ಮತ್ತು ಇಂಗ್ಲಿಷ್ ಪುಸ್ತಕಗಳ ಮೇಲೆ. ಟ್ರಿಗೊನಾಮೆಟ್ರಿ, ಸಮೀಕರಣ ಬಿಡಿಸುವುದು ಬರುತ್ತಿದ್ದರೆ ಉಳಿದದ್ದು ಹಿಡಿತಕ್ಕೆ ಬರುತ್ತದೆ. ಅದಕ್ಕೇ ನನ್ನ ಹತ್ತಿರ ಬರುವವರಿಗೆ ಫಲಿತಾಂಶಕ್ಕೂ ಕಾಲೇಜು ಶುರುವಾಗುವುದಕ್ಕೂ ನಡುವಿನ ರಜೆಯಲ್ಲಿ ಈ ಎರಡು ಪಾಠ ಮತ್ತೆ ಮಾಡಿಕೊಳ್ಳಿ ಅನ್ನುತ್ತೇನೆ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಒಮ್ಮೆ ಗಂಟು ಬಿದ್ದರೆ ಮೂರು ವರ್ಷದ ಕೋರ್ಸ್ ನಾಲ್ಕಾಗುತ್ತದೆ, ಐದಾಗುತ್ತದೆ. ಅಂಥ ಡಿಪ್ಲೊಮಾಗಿಂತ ಎರಡೇ ವರ್ಷಕ್ಕೆ ಚೆನ್ನಾಗಿ ಪಾಸಾದ ಐಟಿಐ ಮೇಲು.

ಬ್ರಾಂಚ್ ವಿಷಯದಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸ್ ಕಡೆ ಓಡುತ್ತಿದ್ದಾರೆ. ಉಕ್ಕು, ಗಣಿ, ವಿದ್ಯುತ್ ಇರುವ ನಮ್ಮ ನೆಲದಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮೆಟಲರ್ಜಿ, ಮೈನಿಂಗ್ ಸೀಟು ಬಿಟ್ಟು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಬಳ್ಳಾರಿ, ರಾಯಚೂರಿನ ಸರ್ಕಾರಿ ಡಿಪ್ಲೊಮಾ ಕಾಲೇಜುಗಳಾದ ಪಾಲಿಟೆಕ್ನಿಕ್‌ಗಳಲ್ಲಿ ಸೀಟು ಸಿಕ್ಕರೆ ಹಾಸ್ಟೆಲ್ ನೋಡಿಕೊಂಡು ಸೇರಿಬಿಡಿ.

ಜಿಟಿಟಿಸಿ: ಬಹಳ ಜನಕ್ಕೆ ಗೊತ್ತಿಲ್ಲದ ದಾರಿ

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಂತ ಇದರ ಪೂರ್ತಿ ಹೆಸರು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ನಮಗೆ ಹತ್ತಿರ ಅಂದರೆ ಹೊಸಪೇಟೆ ಮತ್ತು ಲಿಂಗಸುಗೂರಿನಲ್ಲಿ ಕೇಂದ್ರಗಳಿವೆ. ಇಲ್ಲಿಯ ಮುಖ್ಯ ಕೋರ್ಸು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. 3 ವರ್ಷ ಕೇಂದ್ರದಲ್ಲಿ ಕಲಿಕೆ, ನಾಲ್ಕನೇ ವರ್ಷ ಪೂರ್ತಿ ಕಂಪನಿಯಲ್ಲಿ ತರಬೇತಿ, ಆ ವರ್ಷ ಸ್ಟೈಪೆಂಡ್ ಸಿಗುತ್ತದೆ.

ಪ್ಲಾಸ್ಟಿಕ್ ಬಾಟಲಿ ಮುಚ್ಚಳದಿಂದ ಹಿಡಿದು ಕಾರಿನ ಬಾಗಿಲಿನವರೆಗೆ ಎಲ್ಲವೂ ಒಂದು ಅಚ್ಚಿನಿಂದ ಬರುತ್ತದೆ. ಆ ಅಚ್ಚು ಮಾಡುವ ಕೆಲಸ ಇದು. ಐಟಿಐಯ ಕೈ, ಡಿಪ್ಲೊಮಾದ ಲೆಕ್ಕ ಎರಡೂ ಇಲ್ಲಿ ಬೇಕು. ಮಷೀನ್ ಮೇಲೆ ನಿಲ್ಲುವ ಹೊತ್ತು ಸಾಮಾನ್ಯ ಪಾಲಿಟೆಕ್ನಿಕ್‌ಗಿಂತ ಬಹಳ ಜಾಸ್ತಿ, ಶಿಸ್ತೂ ಕಾರ್ಖಾನೆಯ ಥರವೇ. ಕಲಿತವರು ಕೆಲಸಕ್ಕಾಗಿ ಅಲೆಯುವುದು ಕಮ್ಮಿ. ಕೊರತೆ ಏನು ಅಂದರೆ ಸೀಟು ಕಮ್ಮಿ, ಶುಲ್ಕ ಸರ್ಕಾರಿ ಐಟಿಐಗಿಂತ ಜಾಸ್ತಿ, ಮತ್ತು ಮೊದಲ ಕೆಲಸ ಹೆಚ್ಚಾಗಿ ಬೆಂಗಳೂರು ಕಡೆಯೇ ಸಿಗುತ್ತದೆ. ಮಗ ಅಥವಾ ಮಗಳು ಹೊರಗೆ ಹೋಗಿ ಬದುಕಬಲ್ಲರು ಅನ್ನಿಸಿದರೆ ನಾನು ಸಾಮಾನ್ಯ ಮೆಕ್ಯಾನಿಕಲ್ ಡಿಪ್ಲೊಮಾಗಿಂತ ಇದನ್ನೇ ಮೊದಲು ನೋಡಿ ಅನ್ನುತ್ತೇನೆ. ಅರ್ಜಿ ಕರೆಯುವುದು ಪಾಲಿಟೆಕ್ನಿಕ್ ಜೊತೆ ಅಲ್ಲ, ಬೇರೆಯಾಗಿ. ಅದಕ್ಕೇ ಎಷ್ಟೋ ಜನಕ್ಕೆ ತಪ್ಪಿಹೋಗುತ್ತದೆ.

ಪಿಯುಸಿ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಸೈನ್ಸ್ ಓದಿ ಸಿಇಟಿ ಬರೆದು ಇಂಜಿನಿಯರಿಂಗ್ ಮಾಡುವ ದಾರಿ ಎಲ್ಲರಿಗೂ ಗೊತ್ತು. ರಾಯಚೂರಿನಲ್ಲಿ, ಕೊಪ್ಪಳ ಜಿಲ್ಲೆಯ ತಳಕಲ್ಲಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಪುಸ್ತಕದ ಓದು ಇಷ್ಟವಿದ್ದು ಮನೆಯಲ್ಲಿ 6 ವರ್ಷ ನಿಭಾಯಿಸುವ ಶಕ್ತಿ ಇದ್ದರೆ ಹೋಗಲಿ.

ಅಪ್ರೆಂಟಿಸ್: ಬಿಟ್ಟುಬಿಡಬಾರದ ವರ್ಷ

ಐಟಿಐ ಅಥವಾ ಡಿಪ್ಲೊಮಾ ಮುಗಿದ ಕೂಡಲೇ ಸಿಕ್ಕ ಕೂಲಿಗೆ ಸೇರಿಕೊಳ್ಳುವ ಬದಲು ಒಂದು ವರ್ಷ ಅಪ್ರೆಂಟಿಸ್ ಮಾಡುವುದು ಒಳ್ಳೆಯದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ 7,000 ರೂಪಾಯಿ, ಡಿಪ್ಲೊಮಾ ಆದವರಿಗೆ 8,000 ರೂಪಾಯಿ ಅಂತ ಇತ್ತು. ಸೇರುವಾಗ ಈಗಿನ ದರ ಕೇಳಿಕೊಳ್ಳಿ. ಕಂಟ್ರಾಕ್ಟರ್ ಕೊಡುವ ಕೂಲಿ ಇದಕ್ಕಿಂತ ಜಾಸ್ತಿ ಇರಬಹುದು, ಅದಕ್ಕೇ ಹುಡುಗರು ಆ ಕಡೆ ವಾಲುತ್ತಾರೆ. ಆದರೆ ಐಟಿಐ ಆಗಿ ಅಪ್ರೆಂಟಿಸ್ ಮುಗಿಸಿ ಅದರ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತದೆ. ಸರ್ಕಾರಿ ಸ್ವಾಮ್ಯದ ಎಷ್ಟೋ ನೇಮಕಾತಿಗಳಲ್ಲಿ ಅದಕ್ಕೆ ಬೆಲೆ ಇದೆ.

ಹುಬ್ಬಳ್ಳಿಯ ನೈರುತ್ಯ ರೈಲ್ವೆ ಅಪ್ರೆಂಟಿಸ್ ಆಯ್ಕೆ ಮಾಡುವುದು ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಮೇಲೆ, ಪರೀಕ್ಷೆ ಇಲ್ಲ. ಹಾಗಾಗಿ "ಹೆಂಗಿದ್ರೂ ಐಟಿಐಗೆ ಹೋಗೋನು, ಮಾರ್ಕ್ಸ್ ಯಾಕ?" ಅನ್ನುವ ಮಾತು ನನ್ನ ಕ್ಲಾಸಿನಲ್ಲಿ ನಡೆಯುವುದಿಲ್ಲ.

ಕಾರ್ಖಾನೆಯ ಕೆಲಸ ಸಿಕ್ಕಿತು ಅಂತ ಊರೆಲ್ಲ ಸಿಹಿ ಹಂಚುವ ಮೊದಲು ಒಂದು ಮಾತು. ಗೇಟ್ ಪಾಸ್ ಸಿಕ್ಕರೆ ಕಂಪನಿಯ ಕೆಲಸಗಾರ ಆದ ಹಾಗಲ್ಲ. ದೊಡ್ಡ ಪ್ಲಾಂಟುಗಳಲ್ಲಿ ಬಹಳ ಜನ ಕಂಟ್ರಾಕ್ಟರ್ ಕೈಕೆಳಗೆ ಇರುತ್ತಾರೆ. ಅದು ತಪ್ಪಲ್ಲ, ಅನುಭವಕ್ಕೆ ಒಳ್ಳೆಯದೇ. ಆದರೆ ಭವಿಷ್ಯ ನಿಧಿ (ಪಿಎಫ್) ಖಾತೆಯ ಯುಎಎನ್ ನಂಬರ್ ಕೊಟ್ಟಿದ್ದಾರಾ, ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಅನ್ವಯಿಸುತ್ತದಾ, ಪಗಾರದ ಚೀಟಿ ಕೊಡುತ್ತಾರಾ ಅಂತ ಮೊದಲ ತಿಂಗಳೇ ನೋಡಬೇಕು. ಹೆಲ್ಮೆಟ್ಟು, ಸೇಫ್ಟಿ ಶೂ ನೀವೇ ತಗೊಂಡು ಬನ್ನಿ ಅನ್ನುವ ಕಂಟ್ರಾಕ್ಟರ್ ಹತ್ತಿರ ಮಗನನ್ನು ಬಿಡಬೇಡಿ.

ಹೆಣ್ಣುಮಕ್ಕಳ ವಿಷಯ

"ಹುಡುಗಿಗೆ ಐಟಿಐ ಎಂಥಾದ್ರಿ?" ಅಂತ ಕೇಳುತ್ತಾರೆ. ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಡ್ರಾಫ್ಟ್ಸ್‌ಮನ್ ಇವುಗಳಲ್ಲಿ ಹುಡುಗಿಯರು ಬಹಳ ಚೆನ್ನಾಗಿ ಮಾಡುತ್ತಾರೆ. ತಾಳ್ಮೆಯಿಂದ ಅಳತೆ ನೋಡುವ ಕೆಲಸಗಳು ಇವು. ಹುಡುಗಿ ಅಂದ ಕೂಡಲೇ ಹೊಲಿಗೆ ಟ್ರೇಡಿಗೆ ತಳ್ಳುವ ಅಭ್ಯಾಸ ಬಿಡಬೇಕು. ಹೊಲಿಗೆ ಇಷ್ಟ ಇದ್ದರೆ ಸರಿ, ಬಳ್ಳಾರಿಯಲ್ಲಿ ಕೆಲಸವೂ ಇದೆ. ಇಷ್ಟವಿಲ್ಲದವಳಿಗೆ ಯಾಕೆ? 2023ರ ಜೂನಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ದಿನಾ ಕುಷ್ಟಗಿಯಿಂದ ಕೊಪ್ಪಳಕ್ಕೆ, ಮಾನ್ವಿಯಿಂದ ರಾಯಚೂರಿಗೆ ಓಡಾಡುವ ಖರ್ಚು ಈಗ ಅಡ್ಡಿಯಲ್ಲ. ಉಳಿದಿರುವ ಅಡ್ಡಿ ಬಸ್ಸಿನ ಹೊತ್ತು ಮತ್ತು ಶೌಚಾಲಯ. ಸಂಸ್ಥೆ ನೋಡಲು ಹೋದಾಗ ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತದಾ ಅಂತ ಅಮ್ಮ ಒಳಗೇ ಹೋಗಿ ನೋಡಲಿ.

ನೋಡಲು ಹೋದಾಗ

ಅರ್ಜಿ ಹಾಕುವ ಮೊದಲು ಒಂದು ಕೆಲಸದ ದಿನ ಹೋಗಿ ಬನ್ನಿ. ಆಫೀಸಿನಲ್ಲಿ ಕೂತು ಮಾತಾಡಿದರೆ ಏನೂ ಗೊತ್ತಾಗುವುದಿಲ್ಲ, ವರ್ಕ್‌ಶಾಪಿಗೆ ಹೋಗಬೇಕು. ಲೇತ್ ಕೆಳಗೆ ಕಬ್ಬಿಣದ ಸುರುಳಿ ಚೂರುಗಳು ಬಿದ್ದಿವೆಯಾ, ಲೇತಿನ ಬೆಡ್ಡಿಗೆ ಎಣ್ಣೆ ಹಚ್ಚಿದ್ದಾರಾ? ಬಿದ್ದಿದ್ದರೆ ಮಷೀನ್ ಓಡುತ್ತಿದೆ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಗೇ ಇದ್ದು ಧೂಳು ಕೂತಿದ್ದರೆ ಅದು ತೋರಿಸಲು ಇಟ್ಟದ್ದು. ವೆಲ್ಡಿಂಗ್ ಬೂತಿನ ಮೂಲೆಯಲ್ಲಿ ಸುಟ್ಟ ರಾಡಿನ ತುಂಡುಗಳ ರಾಶಿ ಇರಬೇಕು. ಹುಡುಗರ ಕೈಗೆ ಗ್ಲೌಸ್ ಇರಬೇಕು. ಅಲ್ಲಿರುವ ಎರಡನೇ ವರ್ಷದ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿ: "ತಮ್ಮ, ಈ ವಾರ ಯಾವ ಜಾಬ್ ಮಾಡಿದಿ?" ಅವನು ತಡವರಿಸದೆ ಹೇಳಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಕಲಿಸುವ ಜೆಟಿಒ ಹುದ್ದೆ ಆ ಟ್ರೇಡಿಗೆ ಖಾಲಿ ಇದೆಯಾ ಅಂತಲೂ ಅವನೇ ಹೇಳುತ್ತಾನೆ.

9ನೇ ತರಗತಿಯಲ್ಲೇ ಶುರು ಮಾಡುವ ಇನ್ನೊಂದು ದಾರಿಯೂ ಇದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ ಅನ್ನುವ ವೃತ್ತಿ ವಿಷಯ ಕಲಿಸುತ್ತಾರೆ: ಆಟೊಮೊಬೈಲ್, ಐಟಿ, ಎಲೆಕ್ಟ್ರಾನಿಕ್ಸ್ ಹಾರ್ಡ್‌ವೇರ್ ಹೀಗೆ. ಇದರಿಂದಲೇ ಕೆಲಸ ಸಿಗುವುದಿಲ್ಲ, ನಿಜ. ಆದರೆ ಮಗುವಿಗೆ ಸ್ಪ್ಯಾನರ್ ಹಿಡಿಯುವುದು ಇಷ್ಟವೋ ಇಲ್ಲವೋ ಅಂತ ಎರಡು ವರ್ಷ ಮೊದಲೇ ಗೊತ್ತಾಗುತ್ತದೆ. ಕಲಿಕೆ ಅರ್ಧಕ್ಕೇ ಬಿಟ್ಟು ಮನೆಯಲ್ಲಿರುವ ದೊಡ್ಡ ಹುಡುಗರಿಗೆ ಪ್ರತಿ ಜಿಲ್ಲೆಯ ಆರ್‌ಸೆಟಿ ಅನ್ನುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಉಚಿತ ತರಬೇತಿ ಇದೆ. ಮೋಟಾರ್ ರಿವೈಂಡಿಂಗ್, ಬೈಕ್ ರಿಪೇರಿ ಕಲಿತು ಸ್ವಂತ ಅಂಗಡಿ ಹಾಕುವವರಿಗೆ ಅದು ಅನುಕೂಲ. ಐಟಿಐ ಸೇರಬಲ್ಲ ಹುಡುಗನಿಗೆ ಅದರ ಬದಲು ಇದು ಬೇಡ.

ಕಾಗದ ಪತ್ರ

ನಮ್ಮ ಮೂರೂ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಅಡಿ ಬರುತ್ತವೆ. ಈ ಭಾಗದ ವೃತ್ತಿ ಶಿಕ್ಷಣ ಸಂಸ್ಥೆಗಳಲ್ಲಿ 70% ಸೀಟು, ರಾಜ್ಯದ ಉಳಿದ ಕಡೆ 8% ಸೀಟು ಇಲ್ಲಿಯವರಿಗೆ ಮೀಸಲು. ಮುಂದೆ ಸರ್ಕಾರಿ ಕೆಲಸಕ್ಕೂ ಇದೇ ಆಧಾರ. ಈ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ಫಲಿತಾಂಶ ಬಂದಮೇಲೆ ಅಲ್ಲಿ ಜನ ಕಿಕ್ಕಿರಿಯುತ್ತಾರೆ. 10ನೇ ತರಗತಿ ಓದುತ್ತಿರುವಾಗಲೇ ಮಾಡಿಸಿಡಿ. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ ಶಾಲೆಯಲ್ಲಿ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಮಾಡಿಸಬೇಕು. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುತ್ತದೆ, ಅದಕ್ಕೆ ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಸರ್ಕಾರದ ಯುವನಿಧಿ ಭತ್ಯೆ ಬಗ್ಗೆಯೂ ಕೇಳುತ್ತಾರೆ. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ. ಐಟಿಐ ಆದವರಿಗೆ ಇದು ಇಲ್ಲ. ಅದಕ್ಕಾಗಿ ಡಿಪ್ಲೊಮಾ ಆರಿಸುವುದು ಮಾತ್ರ ಬೇಡ.

ಒಂದೆರಡು ವಿಷಯದಲ್ಲಿ ಫೇಲಾದ ಮಕ್ಕಳ ಮನೆಯವರಿಗೆ ಒಂದು ಮಾತು. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಎರಡನೆಯದರಲ್ಲಿ ಪಾಸಾದರೆ ಅದೇ ವರ್ಷ ಉಳಿದ ಸೀಟುಗಳಿಗೆ ಪ್ರಯತ್ನ ಮಾಡಬಹುದು. ಹುಡುಗನನ್ನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕಳಿಸುವ ಮೊದಲು ಶಾಲೆಗೆ ಬನ್ನಿ. ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಯಾವುದು ಅಂತ ಕೇಳಿ, ಅರ್ಜಿಯನ್ನು ಅಲ್ಲೇ ತುಂಬಿಸಿ.